ಮಗಳನ್ನು ಇಳಿಸಿಕೊಂಡು ಬರಲು ಹೋದದ್ದು

ಊರು ದಾಟಿ ಎಂಜಿನ್ ಇನ್ನೂ ಸರಿಯಾಗಿ ಬಿಸಿಯಾಗಿರಲಿಲ್ಲ, ನಮ್ಮ ಯಜಮಾನರು ಎಡಕ್ಕೆ ಸಿಗ್ನಲ್ ಹಾಕಿ ರಸ್ತೆಬದಿಯ ಬಸ್ ಸ್ಟಾಪಿನಲ್ಲಿ ಗಾಡಿಯನ್ನು ನಯವಾಗಿ ತಂದು ನಿಲ್ಲಿಸಿಬಿಟ್ಟರು. ಕಲ್ಲುಬೆಂಚಿನ ಮೇಲೆ ಕೂತಿದ್ದ ಗಂಡಹೆಂಡತಿ ಎದ್ದು ಬಂದು ನಮ್ಮ ಬಾಗಿಲು ಎಳೆದರು. ಒಳಗೆ ಮಂಚ, ಒಲೆ, ಹೂವಿನ ಪರದೆ, ಮಂಚದ ಮೇಲೆ ಕಾಲು ನೀಡಿಕೊಂಡು ಕೂತ ನಾನು. ಅವರು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಾಗೇ ನಿಂತರು.

"ಇದು ಜಂಕ್ಷನ್ನಿಗೆ ಹೋಗುತ್ತಾ?" ಎಂದ ಆ ಮನುಷ್ಯ.

"ಹೋಗುತ್ತೆ, ಬೇಗ ಹತ್ತಿ, ಒಳಗೆ ಸರೀರಿ!" ಎಂದರು ಇವರು ಮುಂದಿನಿಂದ, ತಿರುಗಿಯೂ ನೋಡದೆ. ಹೇಳಿದ ಮೇಲೆ ಅವರಿಗೇ ಎಚ್ಚರವಾಗಿ ನಾಲಿಗೆ ಕಚ್ಚಿಕೊಂಡರು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಡಿಪೋ ಕಲಿಸಿದ ಗುಣ, ಇನ್ನೂ ಗಟ್ಟಿ. ಮೀಸೆ ಚಿಗುರಿದಾಗಿನಿಂದ ತಲೆ ನೆರೆಯುವ ತನಕ ಬಸ್ಸು ಓಡಿಸಿದವರು. ಕೈ ಎತ್ತಿದವರನ್ನು ಬಿಟ್ಟು ಹೋದರೆ ಅವತ್ತು ಊಟ ಸೇರುತ್ತಿರಲಿಲ್ಲ. ಈಗ ನಿವೃತ್ತಿಯಾಗಿ ಬಸ್ಸು ಹೋಯಿತು, ಕಾಲು ಮಾತ್ರ ಸ್ಟಾಪು ಕಂಡ ಕೂಡಲೇ ತಾನಾಗಿಯೇ ಬ್ರೇಕಿಗೆ ಹೋಗುತ್ತದೆ. ಆ ಗಂಡಹೆಂಡತಿಯನ್ನು ಇಳಿಸಲು ನಮಗೆ ಮನಸ್ಸು ಬರಲಿಲ್ಲ. ಜಂಕ್ಷನ್ನಿನ ತನಕ ಅವರು ನಮ್ಮ ಮಂಚದ ಮೇಲೆ ನನ್ನ ಪಕ್ಕದಲ್ಲಿ ಕೂತು ಬಂದರು.

ಗಾಡಿ ನನ್ನ ತಮ್ಮನದು. ಅವನು ಬಸ್ಸಿನ ಬಾಡಿ ಕಟ್ಟುವವನು. ಪ್ರವಾಸದವರಿಗೆಂದು ಒಂದು ಹಳೆಯ ಮಿನಿಬಸ್ಸಿನ ಸೀಟು ಕಿತ್ತು ಅದನ್ನು ಮನೆ ಮಾಡಿದ್ದ. ಮಡಚುವ ಮಂಚ, ಕೈತೊಳೆಯುವ ಪುಟ್ಟ ಬೋಗುಣಿ, ಮೊಣಕಾಲು ಮಡಚಿ ಕೂರಬೇಕಾದ ಬಚ್ಚಲು. "ಕ್ಯಾರವಾನ್ ಅಂತಾರೆ ಅಕ್ಕ ಇದಕ್ಕೆ" ಎಂದ. ನಾನು ಬಚ್ಚಲಿನೊಳಗೆ ಹೋಗಿ ತಿರುಗಲಾಗದೆ ಹಿಮ್ಮುಖವಾಗಿಯೇ ಹೊರಗೆ ಬಂದೆ. "ಬಾಣಂತಿ ಕೋಣೆ ಇದಕ್ಕಿಂತ ದೊಡ್ಡದಿರುತ್ತೆ ಕಣೋ" ಎಂದೆ. ಆದರೂ ಮನಸ್ಸಿನಲ್ಲಿ ಖುಷಿಯಾಗಿತ್ತು, ಸುಳ್ಳೇಕೆ.

ಹೊರಟದ್ದು ಮಾತ್ರ ಪ್ರವಾಸಕ್ಕಲ್ಲ. ಮಗಳನ್ನು ಇಳಿಸಿಕೊಂಡು ಬರುವುದಕ್ಕೆ.

ನಮಗೆ ಒಬ್ಬಳೇ ಮಗಳು. ದೊಡ್ಡ ನಗರದಲ್ಲಿ ಕಟ್ಟಡ ಕಟ್ಟುವ ಕಡೆ ಟವರ್ ಕ್ರೇನು ನಡೆಸುತ್ತಾಳೆ. ಆಕಾಶಕ್ಕೆ ನಿಲ್ಲಿಸಿದ ಕಬ್ಬಿಣದ ಕಂಬ, ಅದರ ತುದಿಯಲ್ಲಿ ಅಡ್ಡ ತೋಳು, ತೋಳಿನ ಬುಡದಲ್ಲಿ ಗಾಜಿನ ಗೂಡು. ಆ ಗೂಡಿನಲ್ಲಿ ನನ್ನ ಮಗಳು. ಚಿಕ್ಕವಳಿದ್ದಾಗ ಅಪ್ಪನ ಬಸ್ಸಿನಲ್ಲಿ ಅಪ್ಪನ ಬೆನ್ನಿಗೆ ಅಂಟಿಕೊಂಡೇ ಬೆಳೆದವಳು. ಇವರು ಅವಳನ್ನು ಕರೆಯುತ್ತಿದ್ದದ್ದೇ 'ಬಾಲ' ಎಂದು. ಡಿಪೋ ಅಂಗಳದಲ್ಲಿ ಖಾಲಿ ಬಸ್ಸಿನ ಸ್ಟಿಯರಿಂಗ್ ಕೊಟ್ಟು ಕಲಿಸಿದವರೂ ಇವರೇ. ಆ ಬಾಲ ಹೋಗಿ ಮೋಡದ ಬಾಲ ಹಿಡಿಯುತ್ತದೆಂದು ಯಾರಿಗೆ ಗೊತ್ತಿತ್ತು!

ಬೇರೆಲ್ಲೋ ಒಂದು ಊರಿನಲ್ಲಿ ಒಂದು ಕ್ರೇನು ಮುರಿದು ಬಿದ್ದ ಸುದ್ದಿಯನ್ನು ಇವರು ಟೀವಿಯಲ್ಲಿ ನೋಡಿದ್ದೇ ತಪ್ಪಾಯಿತು. ಅಂದಿನಿಂದ ಇವರ ಮುಖದಲ್ಲಿ ರಕ್ತವಿಲ್ಲ. ದಿನಾ ಸಂಜೆ ಮಗಳು ಕೆಲಸ ಮುಗಿಸಿ ನನಗೆ ಫೋನು ಮಾಡಿ "ಇಳಿದೆ ಅಮ್ಮ" ಎನ್ನುತ್ತಾಳೆ. ಅಷ್ಟು ಹೊತ್ತಿಗೆ ಸರಿಯಾಗಿ ಇವರ ಚಪ್ಪಲಿ ಕಳೆದುಹೋಗುತ್ತದೆ. ಹುಡುಕುತ್ತಾ ಬಾಗಿಲಲ್ಲಿ ನಿಂತಿರುತ್ತಾರೆ. ನಾನು ಫೋನಿಟ್ಟು "ಇಳಿದಳಂತೆ" ಎಂದ ಮೇಲೆ ಚಪ್ಪಲಿ ಸಿಗುತ್ತದೆ. ಒಂದು ದಿನ ಅವಳ ಫೋನು ತಡವಾಯಿತು. ನಾನು ನೋಡುವಾಗ ಇವರು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು. ಅದನ್ನು ನಾನು ಮಗಳಿಗೆ ಹೇಳಿದೆ. ಹೇಳಬಾರದಿತ್ತೇನೋ, ಆದರೆ ಹೇಳಿದೆ.

ಅವಳು, "ಅಮ್ಮ, ಅಪ್ಪ ಒಂದ್ಸಲ ಬಂದು ನಾನು ಕೆಲಸ ಮಾಡೋದನ್ನ ನೋಡ್ಲಿ. ನೋಡಿದ ಮೇಲೂ ಇಳಿ ಅಂದ್ರೆ ಇಳೀತೀನಿ, ನಿಮ್ಮ ಜೊತೇಲೇ ಊರಿಗೆ ಬರ್ತೀನಿ. ಅಪ್ಪನ್ನ ಅಳಿಸಿಕೊಂಡು ನಾನು ಮೇಲೆ ಕೂರೋಕಾಗಲ್ಲ" ಎಂದಳು.

ಇವರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವ ಕೆಲಸ ಖಾಲಿ ಇತ್ತು. ಮ್ಯಾನೇಜರ್ ಹತ್ತಿರ ಹೋಗಿ ಮಗಳಿಗಾಗಿ ಮಾತಾಡಿ ಬಂದರು. "ನೆಲದ ಮೇಲಿನ ಕೆಲಸ, ನೆರಳಲ್ಲಿ ಕೂರೋದು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಒಬ್ಬ ತಂದೆ ಮಗಳಿಗೆ ಇದಕ್ಕಿಂತ ಹೆಚ್ಚು ಇನ್ನೇನು ಮಾಡಿಯಾನು ಎಂಬ ಹಾಗೆ.

ನನಗೆ ಅವಳು ಇಳಿಯುವುದು ಬೇಕಿರಲಿಲ್ಲ. ನಾನು ಕೆಲಸ ಮಾಡಿದ್ದು ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಾಸಿಗೆಯ ಬಟ್ಟೆ ಇಸ್ತ್ರಿ ಮಾಡುವ ಕೋಣೆಯಲ್ಲಿ. ಅಲ್ಲಿ ಇದ್ದದ್ದು ಸೂರಿಗೆ ತಾಗಿದ ಒಂದೇ ಕಿಟಕಿ. ಅದರಲ್ಲಿ ಹೊರಗಿನ ದಾರಿಯಲ್ಲಿ ನಡೆಯುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಲೋಕದ ಚಪ್ಪಲಿಯನ್ನೆಲ್ಲ ಕಂಡವಳು ನಾನು, ಮುಖ ಕಂಡಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಲ್ಲರ ತಲೆಯ ಮೇಲೆ ಕೂತು ದೊಡ್ಡ ನಗರವನ್ನೇ ನೋಡುತ್ತಾಳೆ ಎಂದುಕೊಂಡರೆ ನನಗೆ ಎಷ್ಟು ಭಯವೋ ಅಷ್ಟೇ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಅಪ್ಪ ಮಗಳ ನಡುವಿನ ಮಾತು. ನಾನು ಬಾಯಿ ಹಾಕಲಿಲ್ಲ, ಅಂದರೆ ಹೆಚ್ಚು ಹಾಕಲಿಲ್ಲ.

ಜಂಕ್ಷನ್ ದಾಟಿದ ಮೇಲೆ ಇವರಿಗೂ ಹೊಸ ದಾರಿ. ಇವರು ಜೀವಮಾನವೆಲ್ಲ ಓಡಿಸಿದ್ದು ಒಂದೇ ರೂಟು, ಊರಿನಿಂದ ಜಂಕ್ಷನ್ನಿಗೆ, ಜಂಕ್ಷನ್ನಿನಿಂದ ಊರಿಗೆ. ಆದರೂ ಎಲ್ಲ ಗೊತ್ತಿರುವವರ ಹಾಗೆ, "ಮುಂದೆ ಒಂದು ತಿರುವು ಬರುತ್ತೆ ನೋಡು" ಎನ್ನುವರು. ತಿರುವು ಬಂದೇ ಬರುತ್ತದಲ್ಲ, ರಸ್ತೆ ಎಂದಮೇಲೆ!

ಒಂದು ಕಡೆ ರಸ್ತೆ ಅಣೆಕಟ್ಟಿನ ಮೇಲೆಯೇ ಹೋಗುತ್ತಿತ್ತು. ಒಂದು ಬದಿಗೆ ಅಲುಗಾಡದ ನೀರು, ಕಣ್ಣು ಹೋದಷ್ಟು ದೂರ. ಇನ್ನೊಂದು ಬದಿಗೆ ಪಾತಾಳ. ಗೇಟು ತೆರೆದಿದ್ದರು. ನೀರು ಬೀಳುವ ಸದ್ದು ಕಿವಿಗೆ ಕೇಳುವುದಕ್ಕಿಂತ ಮೊದಲು ಅಂಗಾಲಿಗೆ ತಿಳಿಯಿತು. ಬೋಗುಣಿಯಲ್ಲಿಟ್ಟಿದ್ದ ಲೋಟಗಳು ಗಡಗಡ ನಡುಗಿದವು. ನಾನು ಕಿಟಕಿಗೆ ಹಣೆ ಒತ್ತಿಕೊಂಡು ನೋಡಿದೆ. ಇಷ್ಟು ನೀರನ್ನು ಒಂದು ಗೋಡೆ ಕಟ್ಟಿ ನಿಲ್ಲಿಸಿದ್ದಾರೆ. ಮನುಷ್ಯರೇ ಕಟ್ಟಿದ್ದು, ನಮ್ಮ ಹಾಗೆ ಹಲ್ಲುನೋವು ಬರುವ, ಹೆಂಡತಿಯ ಜೊತೆ ಜಗಳವಾಡುವ ಮನುಷ್ಯರು. "ನಿಲ್ಸಿ, ಸ್ವಲ್ಪ ನಿಲ್ಸಿ" ಎಂದೆ. "ಅಣೆಕಟ್ಟಿನ ಮೇಲೆ ಸ್ಟಾಪಿಲ್ಲ" ಎಂದರು ಇವರು. ಕೈ ಎತ್ತಿದ ಅಪರಿಚಿತರಿಗೆಲ್ಲ ನಿಲ್ಲಿಸುವ ಮನುಷ್ಯ, ಹೆಂಡತಿ ಬಾಯಿಬಿಟ್ಟು ಕೇಳಿದರೆ ನಿಲ್ಲಿಸುವುದಿಲ್ಲ.

ಇನ್ನೊಂದು ಊರಿನಲ್ಲಿ ಎಲ್ಲರೂ ಕುರ್ಚಿ ಮಾಡುವವರೇ. ಬೀದಿಯ ಎರಡೂ ಬದಿಗೆ ಬಣ್ಣ ಹಚ್ಚಿದ ಕುರ್ಚಿಗಳನ್ನು ತಲೆಕೆಳಗೆ ಮಾಡಿ ಒಣಗಲು ಇಟ್ಟಿದ್ದರು. ಮನೆಗಳ ಒಳಗಿನಿಂದ ಉಳಿ ಸುತ್ತಿಗೆಯ ಸದ್ದು, ಮರದ ಹೊಟ್ಟಿನ ವಾಸನೆ. ಆ ಊರಿನ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಹೊಚ್ಚ ಹೊಸ ಕುರ್ಚಿಯೊಂದನ್ನು ರಸ್ತೆಬದಿಗೆ ಇಟ್ಟುಕೊಂಡು, ಅದರ ಮೇಲೆಯೇ ಕೂತು ಬಸ್ಸು ಕಾಯುತ್ತಿದ್ದಳು. ಇವರ ಕಾಲು ಬ್ರೇಕಿಗೆ ಹೋಯಿತು.

"ಎಲ್ಲಿಗೆ ಅಜ್ಜಿ?" ಎಂದೆ.

"ಮಗನ ಮನೆಗೆ. ನಗರಕ್ಕೆ."

"ಕುರ್ಚಿ ಯಾಕೆ? ಮಗನ ಮನೇಲಿ ಇಲ್ವಾ?"

"ಇವೆ. ನಾನು ಕೂತ ಕೂಡ್ಲೆ ಸೊಸೆಗೆ ಅದೇ ಕುರ್ಚಿ ಕೆಳಗೆ ಗುಡಿಸಬೇಕಾಗುತ್ತೆ. ಈ ಸಲ ನಂದೇ ಕುರ್ಚಿ. ಏಳು ಅನ್ನಲಿ ನೋಡೋಣ!"

ಆ ಕುರ್ಚಿ ಅಜ್ಜಿ ನಗರದ ತನಕ ನಮ್ಮ ಜೊತೆಗೇ ಉಳಿದಳು. ಒಂದೇ ದಿನದಲ್ಲಿ ಗಾಡಿಯ ಯಜಮಾನಿಕೆ ಅವಳ ಕೈಗೆ ಹೋಯಿತು. ನಾನು ಎಲ್ಲಿ ಮಲಗಬೇಕು ಎಂದು ನನಗೆ ಹೇಳುವವಳೂ ಅವಳೇ ಆದಳು. ಬೇರೆಯವರು ಹತ್ತಿದರು, ಇಳಿದರು. ಬ್ಯಾಂಡಿನಲ್ಲಿ ಊದುವ ಒಬ್ಬ ತನ್ನ ದೊಡ್ಡ ಹಿತ್ತಾಳೆ ಕಹಳೆಯನ್ನು ಬಚ್ಚಲಿನೊಳಗೆ ನಿಲ್ಲಿಸಿ, ಮೂರು ಊರು ದಾಟಿದ ಮೇಲೆ ಅದನ್ನು ಹೊರಗೆ ತೆಗೆಯಲಾಗದೆ ಒದ್ದಾಡಿದ. ಪ್ರತಿ ಸ್ಟಾಪಿಗೂ ಹೊತ್ತು ಜಾರುತ್ತಿತ್ತು. ಮಗಳು ನಮಗೆ ಒಂದು ದಿನ ಗೊತ್ತು ಮಾಡಿದ್ದಳು. ರಸ್ತೆಯ ಆಚೆಗೊಂದು ಈಚೆಗೊಂದು ಇರುವ ಎರಡು ಎತ್ತರದ ಕಟ್ಟಡಗಳ ನಡುವೆ, ಮೇಲೆ, ಜನ ನಡೆಯಲು ಕಬ್ಬಿಣದ ಸೇತುವೆ. ಅದರ ನಡುವಿನ ತುಂಡನ್ನು ಅಂದು ಬೆಳಗ್ಗೆ ಅವಳು ಎತ್ತಿ ಕೂರಿಸಬೇಕಿತ್ತು. "ನೋಡೋದಾದ್ರೆ ಅದನ್ನ ನೋಡಿ. ಹಿಂದಿನ ದಿನವೇ ಬಂದುಬಿಡಿ, ಒಳಗೆ ನಿಲ್ಲೋಕೆ ಜಾಗ ಮಾಡಿಸಿರ್ತೀನಿ" ಎಂದಿದ್ದಳು.

ಗುಡ್ಡದ ಸೀಮೆಯ ಒಂದು ಚಿಕ್ಕ ಪೇಟೆಯಲ್ಲಿ ಅರ್ಧ ದಿನ ಹೋಯಿತು. ಗಾಳಿಯಿಂದ ಕರೆಂಟು ತೆಗೆಯುವ ಯಂತ್ರದ ಒಂದು ರೆಕ್ಕೆಯನ್ನು ಹೊತ್ತ ಲಾರಿ ಆ ಪೇಟೆಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಒಂದೇ ರೆಕ್ಕೆ. ಅದರ ಬುಡ ಪೋಸ್ಟಾಫೀಸಿನ ಮುಂದೆ, ತುದಿ ಕ್ಷೌರದಂಗಡಿಯ ಮುಂದೆ. ಅಂಗಡಿಯವರೆಲ್ಲ ಬೋರ್ಡು ಕಳಚಿ ಒಳಗಿಟ್ಟರು. ಅರ್ಧ ಕ್ಷೌರವಾದವನು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡೇ ಹೊರಗೆ ಬಂದು ನಿಂತ. ಬಿಳಿಯ, ನುಣ್ಣನೆಯ ಆ ವಸ್ತು ಮೆಲ್ಲಗೆ, ಗೋಡೆಗೆ ಗೀರೂ ಬೀಳದಂತೆ ತಿರುಗಿಕೊಂಡಿತು. ಆ ಪೇಟೆಗೆ ಪೇಟೆಯೇ ಉಸಿರು ಬಿಗಿಹಿಡಿದು, ತುದಿ ದಾಟಿದ ಮೇಲೆ ಒಟ್ಟಿಗೆ ಬಿಟ್ಟಿತು. ಗುಡ್ಡ ಹತ್ತಿದಾಗ ಅಂಥ ರೆಕ್ಕೆಗಳು ಸಾಲುಸಾಲಾಗಿ ಆಕಾಶದಲ್ಲಿ ತಿರುಗುತ್ತಿದ್ದವು. ಕುರ್ಚಿ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟು, "ಇಷ್ಟು ದೊಡ್ಡ ಫ್ಯಾನು ಹಾಕಿದ್ದಾರೆ, ಆದ್ರೂ ಸೆಖೆ ನೋಡು" ಎಂದಳು.

ಸಂಜೆ ಒಂದು ಕೆರೆಯ ಏರಿಯ ಕೆಳಗೆ ಗಾಡಿ ನಿಲ್ಲಿಸಿದೆವು. ಅಜ್ಜಿ ತನ್ನ ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದಳು. ಮಗಳ ಫೋನು ಬಂತು, "ಇಳಿದೆ ಅಮ್ಮ, ಎಲ್ಲಿದ್ದೀರಿ?" ಇವರು ಗಾಡಿಯ ಚಕ್ರ ಒದ್ದು ನೋಡುವ ನೆಪದಲ್ಲಿ ಹತ್ತಿರವೇ ಸುಳಿದರು.

ಫೋನಿಟ್ಟ ಮೇಲೆ ನಾನು ಕೇಳಿದೆ, "ಅಲ್ರೀ, ನೋಡೋಕೂ ಮುಂಚೆ ತೀರ್ಮಾನ ಮಾಡಿಬಿಟ್ಟಿದ್ದೀರಲ್ಲ. ಮೈಕಿನ ಕೆಲಸಕ್ಕೆ ಹೂಂ ಅಂದು ಬಂದಿದ್ದೀರಿ. ಇದು ನ್ಯಾಯನಾ?"

"ನ್ಯಾಯ ಅಲ್ಲ" ಎಂದರು.

"ಮತ್ತೆ?"

"ನಾನು ತಪ್ಪಿದ್ರೆ ಗಾಡಿ ಹಳ್ಳಕ್ಕೆ ಇಳೀತಿತ್ತು. ಹಳ್ಳಕ್ಕೆ ಒಂದು ತಳ ಇರುತ್ತೆ. ಅವಳು ಕೂತಿರೋ ಕಡೆ..." ಎಂದು ಇನ್ನೊಂದು ಚಕ್ರಕ್ಕೆ ಒದ್ದರು. ಆಮೇಲೆ, "ಕಣ್ಣು ಮುಚ್ಚಿದ್ರೆ ಅವಳು ಬೀಳ್ತಿರೋದೇ ಕಾಣುತ್ತೆ ಕಣೆ. ದಿನಾ ಬೀಳ್ತಾಳೆ. ಸಂಜೆ ನೀನು ಇಳಿದಳಂತೆ ಅಂದಾಗ ಅವತ್ತಿನ ಮಟ್ಟಿಗೆ ಬದುಕ್ತಾಳೆ" ಎಂದರು.

ಇವರ ಮೇಲೆ ಅಷ್ಟು ದಿನ ಸಿಟ್ಟು ಮಾಡಿಕೊಂಡಿದ್ದೆ. ಅಂದು ಆ ಸಿಟ್ಟು ಎಲ್ಲಿ ಹೋಯಿತೋ ಕಾಣಲಿಲ್ಲ. ಅದಷ್ಟೇ ಆಗಿದ್ದರೆ ಚೆನ್ನಾಗಿತ್ತು, ಅದರ ಜಾಗದಲ್ಲಿ ಭಯ ಬಂದು ಕೂತಿತು. ಇವರು ಇಳಿ ಎನ್ನುವುದು ಖಂಡಿತ, ಅವಳು ಮಾತಿಗೆ ತಪ್ಪದೆ ಇಳಿಯುವುದೂ ಖಂಡಿತ. ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಓದುವ ನನ್ನ ಮಗಳ ಮುಖ ಕಣ್ಣಿಗೆ ಕಟ್ಟಿತು.

ನಗರ ಕಂಡದ್ದು ಅವಳು ಗೊತ್ತು ಮಾಡಿದ ದಿನದ ಬೆಳಗ್ಗೆಯೇ. ಹಿಂದಿನ ದಿನ ಹೋಗಿ ಸೇರಬೇಕಾದವರು ಆಗಿನ್ನೂ ಅದರ ಬಾಗಿಲಲ್ಲಿದ್ದೆವು. ಮೊದಲು ದಿಗಂತದಲ್ಲಿ ಬೂದು ಗೆರೆ ಕಂಡಿತು, ನಾನು ಬೆಟ್ಟವೆಂದುಕೊಂಡೆ. ಹತ್ತಿರವಾದಂತೆ ಬೆಟ್ಟಕ್ಕೆ ಕಿಟಕಿಗಳು ಮೂಡಿದವು. ಸಾವಿರಾರು ಕಿಟಕಿ, ಪ್ರತಿಯೊಂದರಲ್ಲೂ ಸೂರ್ಯ. ನನ್ನ ಕಣ್ಣಲ್ಲಿ ನೀರು ಬಂತು, ಬೆಳಕಿಗೋ ಏನೋ. ರಸ್ತೆಯ ಮೇಲೊಂದು ರಸ್ತೆ, ಅದರ ಮೇಲೆ ರೈಲು. ರೈಲಿನಲ್ಲಿ ನಿಂತವರು ಕಂಬಿ ಹಿಡಿದುಕೊಂಡು ಆಕಳಿಸುತ್ತಿದ್ದರು. ಆಕಾಶದಲ್ಲಿ ಹೋಗುತ್ತಾ ಆಕಳಿಸುತ್ತಾರಲ್ಲ ಈ ಜನ! ಒಂದು ಗಾಜಿನ ಕಟ್ಟಡಕ್ಕೆ ಹಗ್ಗದಿಂದ ನೇತುಬಿದ್ದು ಇಬ್ಬರು ಕಿಟಕಿ ಒರೆಸುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ ಏನೋ ಹೇಳಿ ನಗಿಸಿದ. ನೆಲದಿಂದ ಅಷ್ಟು ಮೇಲೆ ಏನು ತಮಾಷೆ ಹೇಳಿರಬಹುದು ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಇವರೂ ಬಿಟ್ಟ ಬಾಯಿ ಬಿಟ್ಟುಕೊಂಡೇ ಓಡಿಸುತ್ತಿದ್ದರು. ಮುಂದೆ ತಿರುವು ಬರುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ.

"ಮೊದಲು ಮಗಳ ಹತ್ರ ಹೋಗಿ, ಆಮೇಲೆ ಅಜ್ಜೀನ ಬಿಡೋಣ" ಎಂದೆ.

"ಹತ್ತಿಸಿಕೊಂಡವರನ್ನ ಮೊದಲು ಇಳಿಸಬೇಕು" ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ಅಜ್ಜಿಯ ಮಗನ ಮನೆ ಹುಡುಕಿಕೊಂಡು ಗಲ್ಲಿ ಗಲ್ಲಿ ಸುತ್ತಿದೆವು. ಸಿಗುವ ಮೊದಲೇ ಒಂದು ದೊಡ್ಡ ರಸ್ತೆಯಲ್ಲಿ ಗಾಡಿಗಳು ನಿಂತುಬಿಟ್ಟವು. ಹಿಂದೆ ಲಾರಿ, ಮುಂದೆ ಲಾರಿ, ಪಕ್ಕದಲ್ಲಿ ಶಾಲೆಯ ಬಸ್ಸು. ಒಂದಿಂಚು ಕದಲುವಂತಿಲ್ಲ. ಮಗಳು ಹೇಳಿದ್ದ ಹೊತ್ತು ಆಗಿಯೇ ಹೋಗಿತ್ತು. ನೋಡದೆಯೇ ಇಳಿ ಎಂದುಬಿಡುತ್ತಾರೆ, ಅಷ್ಟೇ ಕಥೆ.

ಎಲ್ಲರೂ ಹಾರ್ನು ಒತ್ತುತ್ತಿದ್ದರು. ಇವರೂ ಒತ್ತಿದರು. ರಟ್ಟೆ ಊರಿ ಒತ್ತಿದರು. "ಯಾವನಯ್ಯ ಅವನು, ಬೆಳಬೆಳಗ್ಗೆ ದಾರೀಲಿ ಅಡ್ಡ ಮಲಗಿರೋದು! ಹೊತ್ತುಗೊತ್ತು ಇಲ್ವಾ?"

ತಲೆಗೆ ಹಳದಿ ಟೋಪಿ, ಕೈಯಲ್ಲಿ ಕೆಂಪು ಬಾವುಟ ಹಿಡಿದ ಒಬ್ಬ ಗಾಡಿಗಳ ಸಾಲಿನ ನಡುವೆ ನಡೆದುಕೊಂಡು ಬಂದ. "ಸ್ವಲ್ಪ ತಡ್ಕೊಳ್ಳಿ ಯಜಮಾನ್ರೇ. ಮುಂದೆ ಸೇತುವೆ ತುಂಡು ಎತ್ತಬೇಕು. ಗಾಳಿ ಜಾಸ್ತಿ ಇದೆ."

"ಗಾಳಿ ಇದ್ರೆ ಇರ್ಲಿ, ಎತ್ತಿ ಬಿಸಾಕಿ ದಾರಿ ಬಿಡ್ರಯ್ಯ!"

"ಎಲ್ಲಾರೂ ಅದನ್ನೇ ಹೇಳ್ತಿದಾರೆ. ಮೇಲಿರೋರು ಎತ್ತಲ್ಲ ಅಂತಿದಾರಲ್ಲ."

"ಯಾರು ಮೇಲಿರೋರು?"

"ಕ್ರೇನಿನ ಮೇಡಂ" ಎಂದು ಅವನು ಬಾವುಟದಿಂದ ಆಕಾಶ ತೋರಿಸಿ ಮುಂದಿನ ಗಾಡಿಗೆ ಹೋದ.

ಇವರು ಹಾರ್ನಿನಿಂದ ಕೈಯನ್ನು ಕೆಂಡ ಮುಟ್ಟಿದವರ ಹಾಗೆ ತೆಗೆದರು. ಎಂಜಿನ್ ಆರಿಸಿ ಕೆಳಗಿಳಿದರು. ನಾನೂ ಇಳಿದೆ. ತಲೆ ಎತ್ತಿದೆ, ಇನ್ನೂ ಎತ್ತಿದೆ, ತಲೆಯ ಹಿಂಭಾಗ ಬೆನ್ನಿಗೆ ತಾಗುವ ತನಕ ಎತ್ತಿದೆ.

ಹೇಗೆ ಹೇಳಲಿ ಅದನ್ನು? ಫೋಟೋದಲ್ಲಿ ನೋಡಿದ್ದೆ, ಅವಳೇ ಕಳಿಸಿದ್ದಳು. ಫೋಟೋದಲ್ಲಿ ಎತ್ತರ ಇರುವುದಿಲ್ಲ. ಆ ಹಳದಿ ಕಂಬ ಕಟ್ಟಡಗಳ ಪಕ್ಕದಲ್ಲಿ ಹೊರಟು, ಕಟ್ಟಡಗಳು ಮುಗಿದ ಮೇಲೂ ಹೋಗುತ್ತಲೇ ಇತ್ತು. ತೋಳು ಇಡೀ ರಸ್ತೆಯ ಮೇಲೆ ಚಾಚಿತ್ತು, ಅದರ ಮೇಲೆ ಮೋಡ ಓಡುತ್ತಿತ್ತು, ಕ್ರೇನೇ ಓಡುತ್ತಿದೆಯೆಂದು ತಲೆ ತಿರುಗಿತು. ತೋಳಿನ ಬುಡದಲ್ಲಿ ಗಾಜಿನ ಒಂದು ಚೂರು ಹೊಳೆಯಿತು. ಸಾಸಿವೆ ಕಾಳಿನಷ್ಟು. ಅದರೊಳಗೆ ನಾನು ಎದೆಹಾಲು ಕುಡಿಸಿದ ಕೂಸು ಕೂತಿತ್ತು.

ಕೆಳಗೆ ರಸ್ತೆಯ ನಡುವೆ ಕಬ್ಬಿಣದ ತುಂಡು ಸರಪಳಿ ಕಟ್ಟಿಸಿಕೊಂಡು ಕಾದಿತ್ತು. "ಒಂದು ಬಸ್ಸಿನಷ್ಟೇ ಇದೆ ಕಣೆ" ಎಂದರು ಇವರು.

ಗಾಳಿ ನಿಲ್ಲಲಿಲ್ಲ. ಕಟ್ಟಡಕ್ಕೆ ಹೊದಿಸಿದ್ದ ಹಸಿರು ಬಲೆ ಪಟಪಟ ಬಡಿದುಕೊಳ್ಳುತ್ತಿತ್ತು. ಹಾರ್ನುಗಳ ಸದ್ದು ಹೆಚ್ಚಿತು. ಹಿಂದಿನ ಲಾರಿಯವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಮೇಲೆ ನೋಡಿಕೊಂಡು ಬೈಯುತ್ತಿದ್ದ. ಇವರು ಅವನ ಹತ್ತಿರ ಹೋಗಿ ಬಾಗಿಲಿಗೆ ಕೈಯಿಟ್ಟು, "ಅಣ್ಣ, ಹಾರ್ನು ಬೇಡ. ಅಲ್ಲಿ ಕೆಲಸ ನಡೀತಿದೆ" ಎಂದರು. "ಈಗ ತಾನೇ ನೀವೂ ಹೊಡೀತಿದ್ರಲ್ರೀ!" ಎಂದ ಅವನು. "ಹೊಡೆದೆ. ತಪ್ಪಾಯ್ತು" ಎಂದರು ಇವರು. ಮದುವೆಯಾದಾಗಿನಿಂದ ನಾನು ಕೇಳದಿದ್ದ ಮಾತು ಆ ಲಾರಿಯವನ ಪಾಲಿಗೆ ಬಂತು.

ಅಷ್ಟರಲ್ಲಿ ಕುರ್ಚಿ ಅಜ್ಜಿ ತನ್ನ ಕುರ್ಚಿಯನ್ನು ಇಳಿಸಿ, ನಗರದ ಹೆದ್ದಾರಿಯ ನಟ್ಟನಡುವೆ ಹಾಕಿಕೊಂಡು ಕೂತಿದ್ದಳು. "ಯಾರು ಮೇಲಿರೋದು? ನಿಮ್ಮ ಮಗಳಾ?" ಎಂದು ನನ್ನ ಕೈ ಹಿಡಿದಳು. ಹೌದೆಂದೆ. ಅಷ್ಟು ಸಾಕಾಯಿತು. ಅವಳು ಶಾಲೆಯ ಬಸ್ಸಿನ ಕಡೆ ತಿರುಗಿ ಕೂಗಿದಳು, ಬಸ್ಸಿನವರು ಆಚೆ ಕಾರಿಗೆ ಹೇಳಿದರು. ಮಾತು ಬಾಯಿಂದ ಬಾಯಿಗೆ ಬೆಳೆದು ಹೋಯಿತು. ನಾಲ್ಕು ಗಾಡಿ ದಾಟುವಷ್ಟರಲ್ಲಿ ತಾಯಿ ತಂದೆ ಮಗಳನ್ನು ಹುಟ್ಟಿದಂದಿನಿಂದ ನೋಡೇ ಇಲ್ಲವಂತೆ ಎಂದಾಗಿತ್ತು. ಒಂದೊಂದೇ ಹಾರ್ನು ನಿಂತಿತು. ಶಾಲೆಯ ಮಕ್ಕಳು ಕಿಟಕಿಯಲ್ಲಿ ತಲೆಗಳನ್ನು ಪೇರಿಸಿಕೊಂಡು ಮೇಲೆ ನೋಡಿದವು.

ಇವರು ಹಸಿರು ಬಲೆಯನ್ನೇ ನೋಡುತ್ತಿದ್ದರು. ಬಲೆ ಸ್ವಲ್ಪ ಇಳಿಯಿತು. "ಈಗ ಎತ್ತಬೋದಾ?" ಎಂದೆ ನಾನು. "ಬೇಡ" ಎಂದರು ಉಸಿರಿನಲ್ಲೇ. "ಇದು ಮೋಸದ್ದು." ಮರುಕ್ಷಣವೇ ಗಾಳಿ ಬೀಸಿ ಬಲೆ ಮತ್ತೆ ಉಬ್ಬಿತು. ಮೇಲಿನವಳೂ ಕದಲಿರಲಿಲ್ಲ. ಮತ್ತೆ ಕಾದೆವು. ಬಲೆ ಇಳಿದು ಗೋಡೆಗೆ ಅಂಟಿಕೊಂಡಿತು. ಇವರ ತುಟಿ ಅಲುಗಿತು. ಅದೇ ಹೊತ್ತಿಗೆ ಸರಪಳಿ ಬಿಗಿಯಾಯಿತು.

ನೆಲಕ್ಕೆ ತಿಳಿಯದ ಹಾಗೆ ಆ ಬಸ್ಸಿನಷ್ಟು ಕಬ್ಬಿಣ ನೆಲ ಬಿಟ್ಟಿತು. ತೂಗಲಿಲ್ಲ, ತಿರುಗಲಿಲ್ಲ. ತೊಟ್ಟಿಲಿನಿಂದ ಮಲಗಿದ ಮಗುವನ್ನು ಎತ್ತುವ ಹಾಗೆ ಎತ್ತಿದಳು. ನನ್ನ ಕಣ್ಣು ಯಾಕೋ ಇವರ ಪಾದದ ಕಡೆ ಹೋಯಿತು. ಕಾಲು ನೋಡುವುದು ನನ್ನ ಹಳೆಯ ಚಾಳಿ. ರಸ್ತೆಯ ಧೂಳಿನಲ್ಲಿ ಇವರ ಎಡಗಾಲು ಮೆಲ್ಲಮೆಲ್ಲನೆ ಮೇಲೇಳುತ್ತಿತ್ತು, ಏರಿನಲ್ಲಿ ತುಂಬಿದ ಬಸ್ಸಿನ ಕ್ಲಚ್ ಬಿಡುವಾಗಿನ ಹಾಗೆ. ಕಬ್ಬಿಣ ಮೇಲೇರಿದಷ್ಟೂ ಹಿಮ್ಮಡಿ ಏರಿತು. ಅಲ್ಲಿ ಅವಳು, ಇಲ್ಲಿ ಇವರು, ಇಬ್ಬರೂ ಸೇರಿ ಒಂದೇ ಗಾಡಿ ಓಡಿಸುತ್ತಿದ್ದರು.

ಜನ ಬಾಗಿಲು ತೆಗೆದು ಇಳಿದು ನಿಂತಿದ್ದರು. ಅಷ್ಟು ದೊಡ್ಡ ನಗರ, ಅಷ್ಟು ಅವಸರದ ಜನ, ಆ ಹೊತ್ತು ಒಬ್ಬರೂ ಕೆಮ್ಮಲಿಲ್ಲ. ತುಂಡು ಮೋಡದ ಕೆಳಗೆ ಸಣ್ಣದಾಗುತ್ತಾ ಹೋಗಿ, ಎರಡು ಕಟ್ಟಡಗಳ ನಡುವೆ ನಿಂತು, ಒಂದು ಕೂದಲು ಆಚೆ, ಒಂದು ಕೂದಲು ಈಚೆ ಸರಿದು, ಕೂತಿತು. ಠಣ್ ಎಂಬ ಸಣ್ಣ ಸದ್ದು ತಡವಾಗಿ ನಮ್ಮ ತನಕ ಬಂತು. ಆಕಾಶದಲ್ಲಿ ಇಲ್ಲದಿದ್ದ ದಾರಿಯೊಂದು ಈಗ ಇತ್ತು. ಅದನ್ನು ಹಾಕಿದವಳು ನನ್ನ ಮಗಳು. ನಾನು ಅಲ್ಲೇ ರಸ್ತೆಯಲ್ಲಿ ನಿಂತು ಗಟ್ಟಿಯಾಗಿ ಅತ್ತೆ, ನಾಚಿಕೆ ಎನಿಸಲಿಲ್ಲ.

ದಾರಿ ಬಿಟ್ಟ ಮೇಲೆ ಇವರು ಗಾಡಿ ಹತ್ತಿ ಎಂಜಿನ್ ಶುರು ಮಾಡಿದರು. ಅಜ್ಜಿಯನ್ನು ಅವಳ ಮಗನ ಮನೆಗೆ ಮುಟ್ಟಿಸಿದೆವು. ಅವಳು ಕುರ್ಚಿ ಹೊತ್ತುಕೊಂಡು ಹೊಸ್ತಿಲು ದಾಟುವಾಗ ಸೊಸೆಯ ಮುಖ ನೋಡುವ ಹಾಗಿತ್ತು, ನೋಡಿ ನಗುವ ಮನಸ್ಸು ನನಗಿರಲಿಲ್ಲ. ಅಷ್ಟು ಎತ್ತರವನ್ನು ಕಣ್ಣಾರೆ ಕಂಡ ಮೇಲೆ ಇವರ ಭಯ ಇಮ್ಮಡಿಯಾಗಿರಬೇಕು ಎನಿಸಿತು. ನಿಮಗೆ ಹೇಗನಿಸಿತು ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಕನ್ನಡಿ ಸರಿಮಾಡಿಕೊಂಡರು.

ಸಂಜೆ ಕೆಲಸದ ಜಾಗದ ಗೇಟಿನ ಹೊರಗೆ ಗಾಡಿ ನಿಲ್ಲಿಸಿದೆವು. ತಗಡಿನ ಬೇಲಿಯ ಸಂದಿಯಿಂದ ಕ್ರೇನಿನ ಬುಡ ಕಾಣುತ್ತಿತ್ತು, ಒಳಗಿನ ಏಣಿಯೂ ಕಾಣುತ್ತಿತ್ತು. ಅವಳು ಇಳಿಯುವುದನ್ನು ಆ ಸಂದಿಯಿಂದ ನೋಡಿದೆವು. ಒಂದು ಹಂತ ಇಳಿದು ನಿಂತು ಉಸಿರು ತೆಗೆದುಕೊಳ್ಳುವಳು, ಮತ್ತೆ ಇಳಿಯುವಳು. ಇವರು ಬೇಲಿಯ ತಗಡು ಹಿಡಿದುಕೊಂಡಿದ್ದರು. ಇಷ್ಟು ದಿನ ಫೋನಿನಲ್ಲಿ ಒಂದೇ ಮಾತಾಗಿ ಕೇಳಿದ್ದ ಇಳಿಯುವಿಕೆ ಇಷ್ಟು ಉದ್ದವಿರುತ್ತದೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಅವಳು ನೆಲ ಮುಟ್ಟಿ, ಒಳಗೆಲ್ಲೋ ಹೋಗಿ, ಆಮೇಲೆ ಗೇಟಿನಿಂದ ಹೊರಗೆ ಬಂದಳು. ಟೋಪಿಯ ಗುರುತು ಹಣೆಯ ಮೇಲೆ ಕೆಂಪಗೆ ಕೂತಿತ್ತು. ಭುಜದ ಮೇಲೆ ದೊಡ್ಡ ಚೀಲ. ಬಟ್ಟೆಬರೆ ಎಲ್ಲ ತುಂಬಿಕೊಂಡೇ ಬಂದಿದ್ದಳು. ಕೊಟ್ಟ ಮಾತಿಗೆ ತಪ್ಪದವಳು, ಅಪ್ಪನ ಹಾಗೆ.

"ಒಳಗೆ ಜಾಗ ಮಾಡಿಸಿದ್ದೆ, ನೀವು ಬರ್ಲೇ ಇಲ್ಲ ಅಂದ್ಕೊಂಡೆ" ಎಂದಳು.

"ರಸ್ತೇಲಿ ನಿಂತು ನೋಡಿದ್ವಿ" ಎಂದೆ. "ಎಲ್ಲಾ ನೋಡಿದ್ವಿ."

ಅವಳು ಅಪ್ಪನ ಕಡೆ ತಿರುಗಿದಳು. ಅಳಬಾರದೆಂದು ಗಟ್ಟಿ ಮಾಡಿಕೊಂಡ ಮುಖ. "ಹೇಳಿ ಅಪ್ಪ."

ಇವರು ಅವಳ ಕೈಗಳನ್ನು ನೋಡಿದರು. "ಬ್ರೇಕು ಯಾವ ಕೈಲಿ?" ಎಂದರು.

"ಕೈ ಬಿಟ್ರೆ ಸಾಕು ಅಪ್ಪ, ತಾನೇ ಹಿಡ್ಕೊಳ್ಳುತ್ತೆ."

"ಕಾಲಿಗೆ?"

"ಕಾಲಿಗೇನೂ ಇಲ್ಲ."

"ಏನೂ ಇಲ್ವಾ!" ಎಂದರು, ತುಂಬಾ ಬೇಸರವಾದವರ ಹಾಗೆ. ಸ್ವಲ್ಪ ಹೊತ್ತು ಕ್ರೇನಿನ ತುದಿಯನ್ನೇ ನೋಡುತ್ತಾ ನಿಂತರು. ನಾನು ಇವರ ಬಾಯನ್ನೇ ನೋಡುತ್ತಿದ್ದೆ.

"ನಾಳೆ ಎಷ್ಟು ಹೊತ್ತಿಗೆ ಹತ್ತಬೇಕು?"

ಅವಳು ನನ್ನ ಮುಖ ನೋಡಿದಳು, ಮತ್ತೆ ಅಪ್ಪನ ಮುಖ. "ಬೆಳಕು ಹರಿದ ಕೂಡ್ಲೆ" ಎಂದಳು, ಕೇಳಿಯೂ ಕೇಳಿಸದ ದನಿಯಲ್ಲಿ.

"ಮತ್ತೆ ಇಲ್ಲಿ ನಿಂತ್ಕೊಂಡು ಏನ್ಮಾಡ್ತಿದೀಯ? ಹೊಟ್ಟೆತುಂಬ ಊಟ ಮಾಡಿ ಮಲಗು. ನಿದ್ದೆಗೆಟ್ಟೋರು ಗಾಡಿ ಹತ್ತಬಾರದು" ಎಂದು ಗದರಿ, ಇವರು ಅವಳ ಭುಜದಿಂದ ಚೀಲ ಇಳಿಸಿಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. "ಇದನ್ನ ಎಲ್ಲಿ ವಾಪಸ್ಸು ಇಡಬೇಕು? ನಿನ್ನ ರೂಮು ಯಾವ ಕಡೆ?"